ಅಡಿಗರ ‘ಭೂತ’: ಸ್ಮೃತಿ, ಪರಿವರ್ತನೆ ಮತ್ತು ಗತದ ಶೋಧ

ಹೊಸಗನ್ನಡ ಕಾವ್ಯದಲ್ಲಿ ಗತಕಾಲವು ಹಲವು ಬಗೆಗಳಲ್ಲಿ ಕಾಣಿಸಿಕೊಂಡಿದೆ. ನವೋದಯದ ಕವಿಗಳಲ್ಲಿ ಅದು ಬಹುಮಟ್ಟಿಗೆ ನಾಡಿನ ವೈಭವದ ಸ್ಮರಣೆ ಇಲ್ಲವೆ ಕಳೆದುಹೋದ ಬಾಲ್ಯದ ಹಂಬಲ. ಗೋಪಾಲಕೃಷ್ಣ ಅಡಿಗರ (1918-1992) ‘ಭೂತ’ ಕವಿತೆಯು ಈ ಎರಡೂ ಹಾದಿಗಳನ್ನು ಬಿಟ್ಟು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಗತವು ತಾನಾಗಿಯೇ ಮರಳಿ ಬಂದು ಕಾಡತೊಡಗಿದಾಗ ಅದರೊಡನೆ ಮನುಷ್ಯನು ಹೇಗೆ ವ್ಯವಹರಿಸಬೇಕು ಎಂಬುದೇ ಆ ಪ್ರಶ್ನೆ. 1959ರ ‘ಭೂಮಿಗೀತ’ ಸಂಕಲನದ ಈ ಕವಿತೆಯು ನವ್ಯಕಾವ್ಯದ ಪ್ರಾತಿನಿಧಿಕ ರಚನೆಗಳಲ್ಲೊಂದು.

ಕವಿತೆಯ ಅರ್ಥವ್ಯಾಪ್ತಿ ಶೀರ್ಷಿಕೆಯಲ್ಲಿಯೇ ಅಡಗಿದೆ. ಕನ್ನಡದಲ್ಲಿ ‘ಭೂತ’ವೆಂದರೆ ಕಳೆದ ಕಾಲ, ದೆವ್ವ, ಪಂಚಭೂತಗಳೆಂಬಲ್ಲಿ ಸೃಷ್ಟಿಯ ಮೂಲದ್ರವ್ಯ. ಅಡಿಗರು ಹುಟ್ಟಿ ಬೆಳೆದ ಮೊಗೇರಿಯು ಕರಾವಳಿಯ ಊರು. ಕರಾವಳಿಯ ಆರಾಧನಾ ಪರಂಪರೆಯಲ್ಲಿ ಭೂತವೆಂದರೆ ಕೋಲ ಕೊಟ್ಟು, ನುಡಿ ಕೇಳಿ, ನಂಬಿ ನಡೆದುಕೊಳ್ಳುವ ದೈವವೂ ಹೌದು. ವ್ಯುತ್ಪತ್ತಿಯ ದೃಷ್ಟಿಯಿಂದ ನೋಡಿದರೆ, ಆಗಿಹೋದುದನ್ನು ಹೇಳುವ ‘ಭೂತ’ವೂ ಆಗಲಿರುವುದನ್ನು ಹೇಳುವ ‘ಭವಿಷ್ಯ’ವೂ ‘ಭೂ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ‘ಭೂಮಿ’ಯೂ ಅದರದೇ ಸಂತಾನ. ಕವಿತೆಯು ಈ ಅರ್ಥಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಚಲಿಸುತ್ತ ಬೆಳೆಯುತ್ತದೆ.

ಆರಂಭದಲ್ಲಿ ಗತವು ಭೀತಿಯ ರೂಪದಲ್ಲಿದೆ. ಹೂತುಹೋದ ಹಳೆಯ ಬಾವಿಯ ಕತ್ತಲಲ್ಲಿ ಹಳಸಿದ ಗಾಳಿಯು ಮೇಲೆದ್ದು ಬರುತ್ತದೆ. ಇಲ್ಲಿ ಕಾಡುವ ರಹಸ್ಯಗಳನ್ನು ಕವಿ ಭ್ರೂಣಕ್ಕೆ ಹೋಲಿಸಿರುವುದು ಗಮನಾರ್ಹ. ಹೆಣವೆಂಬುದು ಬಾಳಿ ಮುಗಿದುದರ ಗುರುತಾದರೆ ಭ್ರೂಣವು ಇನ್ನೂ ಹುಟ್ಟದಿರುವುದರ ಗುರುತು. ಹೀಗಾಗಿ ಇಲ್ಲಿಯ ಕಾಟವು ಸತ್ತವರ ಕಾಟವಷ್ಟೇ ಆಗಿ ಉಳಿಯುವುದಿಲ್ಲ. ರೂಪ ಪಡೆಯದೆ ಒಳಗೇ ಉಳಿದುಬಿಟ್ಟುದರ ಒತ್ತಡವೂ ಆಗುತ್ತದೆ. ಇಂಥದನ್ನು ಉಚ್ಚಾಟನೆಯಿಂದ ಕಳೆದುಕೊಳ್ಳಲು ಬರುವುದಿಲ್ಲ.

ಆದ್ದರಿಂದಲೇ ಕವಿತೆಯು ಅಗೆತದ ಕಡೆಗೆ ಹೊರಳುತ್ತದೆ. ಮೊದಲು ದೊರೆಯುವುದು ಬರಿಯ ಮಣ್ಣು. ಇನ್ನೂ ಆಳಕ್ಕಿಳಿದರೆ ಚಿನ್ನದ ಅದಿರು. ಅದಿರು ಚಿನ್ನವಲ್ಲವೆಂಬ ಎಚ್ಚರ ಇಲ್ಲಿ ಮುಖ್ಯವಾದುದು. ಅದನ್ನು ಹೊರತೆಗೆದು, ಸುಟ್ಟು, ಸೋಸಿ ಅಪರಂಜಿಯಾಗಿಸಬೇಕು. ಈ ವಿದ್ಯೆಯನ್ನು ಕವಿ ತಮಗೆ ಸಿದ್ಧಿಸಿದ್ದೆಂದು ಹೇಳಿಕೊಳ್ಳುವುದಿಲ್ಲ, ಇನ್ನು ಮೇಲಾದರೂ ಕಲಿಯಬೇಕಾದುದೆಂದು ಹೇಳುತ್ತಾರೆ. ಪರಂಪರೆಯು ತಾನಾಗಿ ದಕ್ಕುವ ಆಸ್ತಿಯಲ್ಲ, ದುಡಿಮೆಯಿಂದ ಗಳಿಸಬೇಕಾದುದು ಎಂಬ ಟಿ. ಎಸ್. ಎಲಿಯಟ್‌ನ 1919ರ ಪ್ರಬಂಧದ ವಿಚಾರವು ಇಲ್ಲಿ ನೆನಪಾಗುತ್ತದೆ. ಅಡಿಗರಲ್ಲಿ ಆ ವಿಚಾರವು ಗುದ್ದಲಿ, ಕುಲುಮೆಗಳ ಕಸುಬಾಗಿ ಮೂರ್ತಗೊಂಡಿದೆ.

ಹೀಗೆ ಶುದ್ಧಗೊಂಡ ಹೊನ್ನು ತಾಳುವುದು ಇಷ್ಟದೇವತೆಯ ವಿಗ್ರಹದ ರೂಪವನ್ನು. ಕುಲದೇವತೆಯು ಹುಟ್ಟಿನಿಂದ ಬರುವುದು, ಇಷ್ಟದೇವತೆಯು ಆಯ್ಕೆಯಿಂದ ಬರುವುದು. ಲೋಹ ಹಿರಿಯರದು, ರೂಪ ಮಾತ್ರ ತನ್ನದು. ಕವಿತೆಯನ್ನು ಪರಂಪರೆಯ ಸಮರ್ಥನೆಯೆಂದಷ್ಟೇ ಓದಿದರೆ ಈ ಒಂದು ಪದದಲ್ಲಿರುವ ಸ್ವಾತಂತ್ರ್ಯವು ಕಣ್ತಪ್ಪುತ್ತದೆ.

ಕೊನೆಯ ಭಾಗದಲ್ಲಿ ಬಾವಿಯು ಮತ್ತೆ ಕಾಣಿಸಿಕೊಳ್ಳುತ್ತದೆ. ಅದರೊಳಗೆ ಕೊಳೆಯುವ ನೀರು ಆವಿಯಾಗಿ ಮೇಲೇರಿ, ಮುಗಿಲಾಗಿ, ಮಳೆಯಾಗಿ ನೆಲಕ್ಕೆ ಮರಳುತ್ತದೆ. ಮೊದಲು ಹಳಸಿದ ಗಾಳಿಯನ್ನು ಕಳುಹಿಸಿದ ಬಾವಿಯೇ ಈಗ ಮಳೆಗೆ ಮೂಲ. ನೆನಪಿನ ನೆಲೆ ಬದಲಾಗಿಲ್ಲ; ಅದರೊಡನೆ ಮನುಷ್ಯನಿಗಿರುವ ಸಂಬಂಧ ಬದಲಾಗಿದೆ. ನೀರು ಬಾವಿಗೆ ಬಾವಿಯ ನೀರಾಗಿಯೇ ಹಿಂದಿರುಗಲಾರದು; ಮಳೆಯ ರೂಪದಲ್ಲಷ್ಟೇ ಅದರ ಮರಳುವಿಕೆ ಸಾಧ್ಯ. ಗತಕ್ಕೆ ಮರಳುವ ಕ್ರಿಯೆಯು ಪರಿವರ್ತನೆಯ ಮೂಲಕವೇ ನಡೆಯಬೇಕೆಂಬ ಕವಿತೆಯ ನಿಲುವು ಇಲ್ಲಿ ಸ್ಪಷ್ಟವಾಗುತ್ತದೆ.

ಈ ನಿಲುವಿಗೆ ಮಿತಿಯೂ ಇದೆ. ನೆಲದಾಳದಲ್ಲಿ ಚಿನ್ನವಿದ್ದೇ ಇದೆಯೆಂಬ ನಂಬಿಕೆಯ ಮೇಲೆ ಕವಿತೆ ನಿಂತಿದೆ. ಗತವೆಂದರೆ ಅವಮಾನದ ನೆನಪೇ ಆಗಿರುವವರು ಅಗೆದಾಗ ದೊರೆಯುವುದೇನು? 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ ಬಂದ ಬಳಿಕ, ದಲಿತ ಕಾವ್ಯವನ್ನು ಓದಿದ ಕಣ್ಣಿನಿಂದ ‘ಭೂತ’ವನ್ನು ನೋಡುವವರಿಗೆ ಈ ಪ್ರಶ್ನೆ ಅನಿವಾರ್ಯ. ಆದರೆ ಅದಿರಿನ ರೂಪಕವೇ ಇದಕ್ಕೆ ಅವಕಾಶವನ್ನೂ ಇಟ್ಟಿದೆ. ಸೋಸುವುದೆಂದರೆ ಕಿಟ್ಟವನ್ನು ಬೇರ್ಪಡಿಸುವುದು. ಚಿನ್ನ ಯಾವುದು, ಕಿಟ್ಟ ಯಾವುದು ಎಂಬ ತೀರ್ಮಾನವನ್ನು ಒಮ್ಮೆಗೇ ಮುಗಿಸಲಾಗದು. ಗುದ್ದಲಿ ಹಿಡಿದ ಪ್ರತಿಯೊಂದು ತಲೆಮಾರೂ ಅದನ್ನು ಹೊಸದಾಗಿ ಮಾಡಬೇಕಾಗುತ್ತದೆ. ಕಲಿಯಬೇಕಾದ ವಿದ್ಯೆಯೆಂದು ಅಡಿಗರು ಹೇಳಿದ್ದು ಈ ವಿವೇಕಕ್ಕೂ ಸಲ್ಲುತ್ತದೆ.