ನಿಷೇಧ ತಳಿಗೋ, ಹೊಣೆ ಮಾಲೀಕನಿಗೋ?

ನಾಯಿ ಸಾಕುವುದು ಅವರವರ ಮನೆಯ ವಿಷಯ ಎನ್ನುತ್ತೇವೆ. ಆದರೆ ಅದೇ ನಾಯಿ ಗೇಟು ದಾಟಿ ಬಂದು, ಶಾಲೆಗೆ ಹೋಗುವ ಮಗುವಿನ ಕಾಲಿಗೆ ಬಾಯಿ ಹಾಕಿದರೆ ಅದು ಇಡೀ ಓಣಿಯ ವಿಷಯವಾಗುತ್ತದೆ. ಹಾಗಾದರೆ ಅಪಾಯಕಾರಿ ತಳಿಯ ನಾಯಿಗಳನ್ನು ಸಾಕಬಾರದು ಎಂದು ನಿಯಮ ಮಾಡಬೇಕೇ? 2024ರಲ್ಲಿ ಈ ಪ್ರಶ್ನೆ ನಮ್ಮ ಹೈಕೋರ್ಟಿಗೇ ಬಂದಿತ್ತು.

ಆ ವರ್ಷ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಸಚಿವಾಲಯ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ ಸೇರಿದಂತೆ 23 ತಳಿಗಳ ನಾಯಿಗಳನ್ನು ಆಮದು ಮಾಡಬಾರದು, ಮಾರಬಾರದು. ಈಗಾಗಲೇ ಸಾಕಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ಅದರಲ್ಲಿತ್ತು. ಕೆಲವರು ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಏಪ್ರಿಲ್ 10ರಂದು ನ್ಯಾಯಾಲಯ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಇಂಥ ನಿಷೇಧ ಹೇರಿದ್ದು ಸರಿಯಲ್ಲ ಎಂಬುದು ಮುಖ್ಯ ಕಾರಣ. ಕಾನೂನಿನ ಕ್ರಮ ಪಾಲಿಸಿ ಸರ್ಕಾರ ಹೊಸದಾಗಿ ನಿಯಮ ಮಾಡುವ ದಾರಿಯನ್ನು ಅದು ಮುಚ್ಚಲಿಲ್ಲ.

ನಿಷೇಧ ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಪಿಟ್‌ಬುಲ್‌ನ ಮೂಲ ತಳಿಗಳನ್ನು ಬೆಳೆಸಿದ್ದೇ ಕಾಳಗಕ್ಕಾಗಿ. ಸಣ್ಣ ನಾಯಿ ಕಚ್ಚುವುದಕ್ಕೂ ಬಲಿಷ್ಠ ನಾಯಿ ಕಚ್ಚುವುದಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ಪಟ್ಟಿಯಲ್ಲಿ ಎರಡು ತೊಡಕುಗಳಿವೆ. ಮಿಶ್ರ ತಳಿಯ ನಾಯಿಯನ್ನು ಬರೀ ಕಣ್ಣಿನಿಂದ ನೋಡಿ ಇದು ಇಂಥದ್ದೇ ಎಂದು ಹೇಳುವುದು ಕಷ್ಟ. ಎರಡನೆಯದಾಗಿ, ಪಟ್ಟಿಯಲ್ಲಿಲ್ಲದ ನಾಯಿಯೂ ಕಚ್ಚುತ್ತದೆ. ನೆದರ್ಲೆಂಡ್ಸ್ ದೇಶ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿತ್ತು. ಕಡಿತದ ಪ್ರಕರಣಗಳು ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಅದನ್ನು ಕೈಬಿಟ್ಟಿತು.

ನಮ್ಮ ಸಿರಸಂಗಿಯಿಂದ ರಾಮದುರ್ಗ, ಲೋಕಾಪುರ ದಾಟಿದರೆ ಸಿಗುವ ಮುಧೋಳದ ನಾಯಿಯನ್ನೇ ನೋಡಿ. ಅದು ಬೇಟೆಗಾಗಿ ಬೆಳೆದ ತಳಿ. ಅದೇ ನಾಯಿಯನ್ನು ಭಾರತೀಯ ಸೇನೆ ತರಬೇತಿಗೆ ತೆಗೆದುಕೊಂಡಿದೆ. ತಳಿಯಿಂದ ಶಕ್ತಿ, ವೇಗ ಬರುತ್ತದೆ. ಆ ಶಕ್ತಿ ಯಾವ ಕಡೆ ಹೋಗುತ್ತದೆ ಎಂಬುದು ಬಹುಮಟ್ಟಿಗೆ ಸಾಕುವವನ ಕೈಯಲ್ಲಿದೆ.

ಅರ್ಥಶಾಸ್ತ್ರದಲ್ಲಿ ನಾವು 'ಬಾಹ್ಯತೆ' ಎಂಬ ಪದ ಓದುತ್ತೇವೆ. ಒಬ್ಬನ ಕೆಲಸದ ನಷ್ಟವನ್ನು ಸಂಬಂಧವಿಲ್ಲದ ಇನ್ನೊಬ್ಬ ಹೊರುವುದೇ ಬಾಹ್ಯತೆ. ನಾಯಿಯ ವಿಷಯವೂ ಹೀಗೆಯೇ. ಕಾವಲಿನ ಲಾಭ ಮಾಲೀಕನಿಗೆ. ಆಸ್ಪತ್ರೆಯ ಖರ್ಚು, ತಪ್ಪಿದ ಕೂಲಿ, ಮಗುವಿನ ಮನಸ್ಸಿನಲ್ಲಿ ಉಳಿಯುವ ಹೆದರಿಕೆ ನೆರೆಯವರಿಗೆ. ಆ ಖರ್ಚನ್ನು ಮಾಲೀಕನ ಲೆಕ್ಕಕ್ಕೇ ಬರೆದರೆ ಅವನು ತಾನಾಗಿಯೇ ಎಚ್ಚರವಾಗುತ್ತಾನೆ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ತಳಿಗಳ ಪಟ್ಟಿಯಿಲ್ಲ. ಬದಲಿಗೆ ನಾಯಿ ಸಾಕುವವರು ಹೊಣೆಗಾರಿಕೆ ವಿಮೆ ಮಾಡಿಸಬೇಕು, ನಾಯಿಯನ್ನು ನೋಡಿಕೊಳ್ಳುವ ತಿಳಿವಳಿಕೆ ತಮಗಿದೆ ಎಂದು ತೋರಿಸಬೇಕು.

ನಮ್ಮಲ್ಲೂ ಕಾನೂನು ಇದೆ. ಸಾಕುಪ್ರಾಣಿಯಿಂದ ಜೀವಾಪಾಯವೋ ತೀವ್ರ ಗಾಯವೋ ಆಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಇದು ಆಮೇಲಿನ ಮಾತು. ಮೊದಲೇ ತಡೆಯುವುದು ಊರಿನ ಕೆಲಸ.

ಹಳ್ಳಿಯಲ್ಲಿ ನಾಯಿ ಶೋಕಿಗೆ ಮಾತ್ರ ಇರುವುದಿಲ್ಲ. ನಮ್ಮಂಥ ಮನೆಗಳಲ್ಲಿ ಸಾಮಾನ್ಯವಾಗಿ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೂ ಹೊಲ ಕಾಯಲು, ಕುರಿ ಕಾಯಲು ನಾಯಿ ಬೇಕೇ ಬೇಕು. ಆದ್ದರಿಂದ ನಿಯಮ ಎಲ್ಲ ನಾಯಿಗಳಿಗೂ ಒಂದೇ ಇರಲಿ: ಪಂಚಾಯಿತಿಯಲ್ಲಿ ಹೆಸರು ಬರೆಸುವುದು, ಪ್ರತಿ ವರ್ಷ ರೇಬೀಸ್ ಲಸಿಕೆ, ಓಣಿಗೆ ತಂದಾಗ ಸರಪಳಿ, ಕಚ್ಚಿದರೆ ಚಿಕಿತ್ಸೆಯ ಖರ್ಚು ಮಾಲೀಕನದು. ಒಮ್ಮೆ ಕಚ್ಚಿದ ನಾಯಿಗೆ, ತುಂಬಾ ಬಲಿಷ್ಠ ನಾಯಿಗೆ ಬಾಯಿಕುಕ್ಕೆ ಮತ್ತು ಎತ್ತರದ ಬೇಲಿ ಕಡ್ಡಾಯವಾಗಲಿ. ಇದನ್ನು ಗ್ರಾಮಸಭೆಯಲ್ಲಿ ಚರ್ಚಿಸಬಹುದು. ನಾಯಿ ಸಾಕುವವರು, ಮಕ್ಕಳ ತಂದೆತಾಯಿಗಳು ಇಬ್ಬರೂ ಅಲ್ಲಿ ಮಾತಾಡಲಿ.

ಕೊನೆಗೆ ಎಲ್ಲರೂ ನೆನಪಿಡಬೇಕಾದ ಮಾತು: ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲಿ ಎಲ್ಲ ಚುಚ್ಚುಮದ್ದನ್ನೂ ಪೂರ್ತಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹಳ ಅಪರೂಪ.