ಕುದಿಯುವ ದ್ರವ, ನಿಲ್ಲದ ಕಾರು

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿರುವ, 1,200 ಕಿಲೋಗ್ರಾಂ ತೂಕದ ಕಾರನ್ನು ಚಾಲಕನು ಬ್ರೇಕೊತ್ತಿ ನಿಲ್ಲಿಸಿದನೆನ್ನಿ. ಅದರ ಚಲನಶಕ್ತಿ ಎಲ್ಲಿ ಹೋಯಿತು? ಶಕ್ತಿಗೆ ನಾಶವಿಲ್ಲವೆಂಬುದನ್ನು ವಾಚಕರು ಬಲ್ಲರು. ಅದರ ಬಹುಭಾಗ ಬ್ರೇಕಿನ ತಟ್ಟೆಗಳಲ್ಲಿಯೂ ಪ್ಯಾಡುಗಳಲ್ಲಿಯೂ ಉಷ್ಣವಾಗಿ ಮಾರ್ಪಟ್ಟಿತು. ಲೆಕ್ಕ ಹಾಕಿದರೆ ಸುಮಾರು 4.6 ಲಕ್ಷ ಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ವೇಗ ಇಮ್ಮಡಿಯಾದರೆ ಈ ಉಷ್ಣ ನಾಲ್ಮಡಿಯಾಗುತ್ತದೆ.

ಊರ ಬೀದಿಯಲ್ಲಿ ತಟ್ಟೆ ಆರಲು ಬಿಡುವುಂಟು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಂಥ ಪಂದ್ಯಪಥದಲ್ಲಿ ಆ ಬಿಡುವಿಲ್ಲ. ತಿರುವಿನಿಂದ ತಿರುವಿಗೆ ಬಿಸಿಯ ಮೇಲೆ ಬಿಸಿ ಸೇರುತ್ತದೆ. ಸಾಮಾನ್ಯ ಪ್ಯಾಡಿನ ಅಂಟುರಾಳ ಮಿತಿಮೀರಿ ಕಾದಾಗ ವಿಘಟಿಸಿ ಅನಿಲವನ್ನು ಹೊರಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲದು.

ಹಾಗಾದರೆ ಪಂದ್ಯದ ಪ್ಯಾಡನ್ನೇ ಎಲ್ಲೆಡೆಯೂ ಬಳಸಬಾರದೇಕೆ? ತರುಣರಿಗೆ ಸಹಜವಾಗಿ ಹುಟ್ಟುವ ಆಸೆಯಿದು. ಆದರೆ ಆ ಪ್ಯಾಡು ಚೆನ್ನಾಗಿ ಹಿಡಿಯುವುದು ಕಾದ ಮೇಲೆ. ಮುಂಜಾವಿನಲ್ಲಿ ಮನೆಯಿಂದ ಹೊರಟೊಡನೆ ಅಡ್ಡಬಂದ ಹಸುವಿನ ಮುಂದೆ ಅದರ ಹಿಡಿತ ಸಾಲದೆ ಹೋದೀತು.

ಇದಕ್ಕಿಂತ ಘೋರವಾದ ಅಪಾಯ ಕಣ್ಣಿಗೆ ಕಾಣದ ದ್ರವದಲ್ಲಿದೆ. ಗ್ಯಾರೇಜಿನವರು ಬ್ರೇಕ್ ಆಯಿಲ್ ಎಂದರೂ ಅದು ಎಣ್ಣೆಯಲ್ಲ, ಬಹುಮಟ್ಟಿಗೆ ಗ್ಲೈಕಾಲ್ ಈಥರುಗಳ ಮಿಶ್ರಣ. (ನಿಜವಾದ ಖನಿಜತೈಲವನ್ನೇ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುವುವು!) ಗಾಳಿಯ ತೇವವನ್ನು ಹೀರುವುದು ಇದರ ಗುಣ. ಹೊಸ ಡಾಟ್-3 ದ್ರವದ ಕುದಿಬಿಂದು 205° ಸೆಂಟಿಗ್ರೇಡಿಗೆ ಕಡಮೆಯಿರಕೂಡದೆಂಬುದು ನಿಯಮ. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140° ಮಾತ್ರ. ಡಾಟ್-4ಕ್ಕೆ ಇವು 230° ಮತ್ತು 155°, ಡಾಟ್-5.1ಕ್ಕೆ 260° ಮತ್ತು 180°. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದಕಾರಣ ದ್ರವ ಕುದಿದಾಗ ಚಾಲಕನ ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲಿಯೇ ವ್ಯಯವಾಗಿ ಪೆಡಲು ನೆಲಮುಟ್ಟುತ್ತದೆ. ಆಗುಂಬೆ ಘಟ್ಟವನ್ನು ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಯುವವನಿಗೂ ಈ ಗತಿ ಬಂದೀತು. ಕೆಳ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರನ್ನು ತಡೆಹಿಡಿಯುತ್ತದೆ.

ನಿತ್ಯದ ಓಡಾಟಕ್ಕೆ ಕಾರಿನ ತಯಾರಕರು ಸೂಚಿಸಿದ ಪ್ಯಾಡೂ ದ್ರವವೂ ಸಾಕು. ದ್ರವವನ್ನು ಅವರು ಹೇಳಿದ ಅವಧಿಗೆ ಬದಲಿಸಬೇಕು. ಆಗೊಮ್ಮೆ ಈಗೊಮ್ಮೆ ಪಂದ್ಯಪಥಕ್ಕಿಳಿಯುವವನು ತಣ್ಣಗಿದ್ದಾಗಲೂ ಹಿಡಿಯುವ, ಹೆಚ್ಚು ಬಿಸಿಯನ್ನೂ ತಾಳುವ ನಡುತರದ ಪ್ಯಾಡನ್ನು ಆರಿಸಿ, ಡಾಟ್-4 ದ್ರವವನ್ನು ಹೊಸದಾಗಿ ತುಂಬಿಸಲಿ. ಹಿಂದೆ ತೆರೆದು ಮುಚ್ಚಿಟ್ಟ ಡಬ್ಬಿಯಲ್ಲಿ ಉಳಿದದ್ದನ್ನು ಮಾತ್ರ ಸುರಿಯಕೂಡದು. ಕಪಾಟಿನಲ್ಲಿ ಕುಳಿತಲ್ಲಿಯೇ ಅದು ತೇವವನ್ನು ಕುಡಿದಿರುತ್ತದೆ.