ಮನೆಯ ಮೊಬೈಲಿಗೂ ಒಂದು ಹೊತ್ತು, ಒಂದು ಜಾಗ



ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆಗೆಂದು ಮನೆಗಳಿಗೆ ಹೋದಾಗ ಈಗೀಗ ನಮಗೆ ಹೆಚ್ಚು ಕೇಳಿಬರುವ ದೂರು ಫೀಸಿನದ್ದಲ್ಲ, ಮೊಬೈಲಿನದ್ದು. "ಪುಸ್ತಕ ಮುಟ್ಟುವುದೇ ಇಲ್ಲ, ನೀವಾದರೂ ಒಂದು ಮಾತು ಹೇಳಿ" ಎನ್ನುತ್ತಾರೆ ತಾಯಂದಿರು.

2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಎಷ್ಟೋ ಮನೆಗಳವರು ಸಾಲ ಮಾಡಿ ಸ್ಮಾರ್ಟ್‌ಫೋನ್ ತಂದರು. ಶಾಲೆ ತೆರೆದ ಮೇಲೂ ಅದು ಮಕ್ಕಳ ಕೈಯಲ್ಲೇ ಉಳಿಯಿತು. ಅದನ್ನು ಮನೆಯಿಂದಲೇ ದೂರವಿಡಿ ಎಂದು ನಾವು ಹೇಳಲಾರೆವು. ಸರ್ಕಾರಿ ವಿದ್ಯಾರ್ಥಿವೇತನದ ಒಟಿಪಿ ಬರುವುದು ಅದಕ್ಕೆ, ಗಲ್ಫ್‌ನಲ್ಲಿರುವ ತಂದೆಯ ಮುಖ ಕಾಣುವುದು ಅದರಲ್ಲಿ. ಬೀಡಿ ಕಟ್ಟುವ ತಾಯಿ ಕೆಲಸ ಮುಗಿಯಲಿ ಎಂದು ಚಿಕ್ಕ ಮಗುವಿನ ಕೈಗೆ ಫೋನ್ ಕೊಟ್ಟರೆ ಬೈಯುವುದು ಸುಲಭ. ಬೈಯುವವರು ಆ ಮಗುವನ್ನು ಒಂದು ಗಂಟೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಎಷ್ಟು ಹೊತ್ತು ನೋಡಬಹುದು? ಭಾರತೀಯ ಮಕ್ಕಳ ತಜ್ಞರ ಸಂಘಟನೆಯಾದ ಐಎಪಿ ಹೇಳುವುದು ಹೀಗೆ: ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಆದರೆ ಬಂಧುಗಳೊಂದಿಗೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಆಗಬಹುದು. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. 5ರಿಂದ 10 ವರ್ಷದವರಿಗೆ ಎರಡು ಗಂಟೆಯೊಳಗೆ. ದೊಡ್ಡ ಮಕ್ಕಳ ವಿಷಯದಲ್ಲಿ ಗಂಟೆಯ ಲೆಕ್ಕಕ್ಕಿಂತ, ಫೋನು ಯಾವುದರ ಸಮಯವನ್ನು ತಿನ್ನುತ್ತಿದೆ ಎಂಬುದನ್ನೇ ನಾವು ಕೇಳುತ್ತೇವೆ. ಬಹಳ ಸಲ ಅದು ನಿದ್ರೆ. ಮಲಗುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಬೆಳಕು ನಿದ್ರೆಯನ್ನು ಮುಂದೂಡುತ್ತದೆ. ಮರುದಿನ ಮೊದಲ ಪಿರಿಯಡ್‌ನಲ್ಲೇ ತೂಕಡಿಸುವ ಹತ್ತನೇ ತರಗತಿಯವರನ್ನು ನಾವು ಕಂಡಿದ್ದೇವೆ. ಇನ್ನೊಂದು ಬಯಲಿನ ಆಟ. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಸುಕಾಗುವ ದೃಷ್ಟಿದೋಷ ಬರುವ ಸಂಭವ ಕಡಿಮೆ.

ಫೋನು ಕಿತ್ತುಕೊಂಡರೆ ಅಳು, ಜಗಳ, ಕೊನೆಗೆ ಕದ್ದು ನೋಡುವುದು. ಅದಕ್ಕೆ ಮಗುವಿನ ಹಟವೊಂದೇ ಕಾರಣವಲ್ಲ. ಒಂದು ವಿಡಿಯೊ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಬರುತ್ತದೆ, ಬೆರಳು ಜಾರಿಸಿದಷ್ಟೂ ಹೊಸದು ಸಿಗುತ್ತದೆ. ಮುಕ್ತಾಯವೇ ಇಲ್ಲದ್ದನ್ನು "ಸಾಕು ಮಾಡು" ಎಂದರೆ ದೊಡ್ಡವರಿಗೇ ಆಗುವುದಿಲ್ಲ. ಆದ್ದರಿಂದ ಯೂಟ್ಯೂಬ್‌ನ ಆಟೋಪ್ಲೇ ಆರಿಸಿಡಿ. "ಐದು ನಿಮಿಷ" ಎನ್ನುವ ಬದಲು "ಈ ಒಂದೇ ವಿಡಿಯೊ" ಎಂದು ಮೊದಲೇ ಮಾತು ಮಾಡಿಕೊಳ್ಳಿ.

ನಾವು ಕಂಡಂತೆ ನಿಜವಾಗಿ ನಿಲ್ಲುವ ನಿಯಮ ಮನೆಯವರೆಲ್ಲರಿಗೂ ಅನ್ವಯವಾಗುವಂಥದ್ದು. ಮಗ್ರಿಬ್‌ನಿಂದ ಇಶಾವರೆಗೆ ಎಲ್ಲರ ಫೋನೂ ಅಡುಗೆಮನೆಯ ಕಪಾಟಿನ ಮೇಲಿರಲಿ, ಅಪ್ಪನದ್ದೂ. ರಿಂಗ್ ಆದರೆ ಎದ್ದು ಹೋಗಿ ಮಾತಾಡಿ. ಅಪ್ಪ ರೀಲ್ಸ್ ನೋಡುತ್ತಾ ಮಗನಿಗೆ "ಓದು" ಎಂದರೆ ಅವನು ಓದುವುದಿಲ್ಲ. ಊಟದ ಹೊತ್ತಿನಲ್ಲೂ ಬೇಡ. ರಾತ್ರಿ ಚಾರ್ಜಿಗೆ ಹಾಕುವ ಜಾಗ ಮಕ್ಕಳು ಮಲಗುವ ಕೋಣೆಯಲ್ಲಿರಬಾರದು. "ಬೆಳಿಗ್ಗೆ ಅಲಾರಂ ಬೇಕಲ್ಲ" ಎನ್ನುತ್ತಾರೆ. ಅದಕ್ಕೆ ಹಳೆಯ ಕಾಲದ ಅಲಾರಂ ಗಡಿಯಾರ ಸಾಕು.

ಬಿಟ್ಟ ಸಮಯಕ್ಕೆ ಬದಲಿ ಏನಾದರೂ ಕೊಡಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಸಂಜೆ ಬಯಲಲ್ಲಿ ಕ್ರಿಕೆಟ್ ಆಡಿದರೆ ಗದರಬೇಡಿ. ಹೆಣ್ಣುಮಕ್ಕಳಿಗೂ ಹೊರಗೆ ಆಡಲು ಜಾಗ ಬೇಕು. ಅದಿಲ್ಲದ ಕಡೆ ಅವರಿಗೆ ಫೋನೇ ಅಂಗಳವಾಗಿಬಿಡುತ್ತದೆ.

ಮಗುವಿಗೆ ಬೇರೆ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಿಂದ ದಿನದ ಮಿತಿ ಹಾಕಬಹುದು. ಮನೆಗೆಲ್ಲ ಒಂದೇ ಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು ಒಂದೊಂದು ಆ್ಯಪ್‌ಗೂ ಸಮಯ ನಿಗದಿ ಮಾಡಿ. ಪಾಸ್‌ವರ್ಡ್ ಮಕ್ಕಳಿಗೆ ಗೊತ್ತಿದ್ದರೆ ಇದ್ಯಾವುದೂ ಉಳಿಯದು ಎಂಬುದನ್ನೂ ಹೇಳಿಬಿಡುತ್ತೇವೆ.

ಈ ಸಾಲಿನ ಅರ್ಜಿ ಸಲ್ಲಿಸಲು ಬರುವಾಗ ಅಂಕಪಟ್ಟಿಯ ಜೊತೆ ಮೊಬೈಲನ್ನೂ ತನ್ನಿ. ಈ ಸೆಟ್ಟಿಂಗ್ ಮಾಡುವುದನ್ನು ನಿಮ್ಮ ಕೈಯಲ್ಲೇ ಮಾಡಿಸಿ ತೋರಿಸುತ್ತೇವೆ. ಅರ್ಜಿಯ ಫಲಿತಾಂಶಕ್ಕೂ ಇದಕ್ಕೂ ಸಂಬಂಧವಿಲ್ಲ. ದಾನಿಗಳಲ್ಲಿ ಒಂದು ಸಣ್ಣ ಕೋರಿಕೆ: ನೋಟ್‌ಬುಕ್ ಕೊಡಿಸುವವರು ಈ ಬಾರಿ ಹತ್ತನೇ ತರಗತಿಯ ಮಕ್ಕಳಿಗೆ ಒಂದೊಂದು ಅಲಾರಂ ಗಡಿಯಾರವನ್ನೂ ಸೇರಿಸಿ ಕೊಡಿ.